ಮೇಧಾವಿಗಳ ಮಿದುಳು: ಒಂದು ಹುಡುಕಾಟದ ಚರಿತ್ರೆ

ನಮ್ಮ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಕೆಲಕಾಲ ಹಿಂಜರಿದೆ. ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಬಹುಕಾಲ ಇಲ್ಲಿ ಗಣಿತವನ್ನು ಕಲಿಸಿ ನಿವೃತ್ತನಾದ ನನಗೆ ಬರೆಯಲು ಉಳಿದಿರುವುದು ಒಂದು ಪ್ರಶ್ನೆಯ ಚರಿತ್ರೆ. ಮಹಾ ಮೇಧಾವಿಗಳ ಮಿದುಳು ನಮ್ಮ ನಿಮ್ಮಂಥವರ ಮಿದುಳಿಗಿಂತ ಬೇರೆಯಾಗಿರುತ್ತದೆಯೇ? ತರಗತಿಯಲ್ಲಿ ಮಕ್ಕಳನ್ನು ಎದುರಿಸಿ ನಿಂತ ಪ್ರತಿಯೊಬ್ಬ ಅಧ್ಯಾಪಕನೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಕೊಟ್ಟಿರುತ್ತಾನೆ. ನಾನೂ ಕೊಟ್ಟಿದ್ದೇನೆ, ಮತ್ತು ಅದು ತಪ್ಪಾಗಿತ್ತು.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗನ ತಂದೆ ನನ್ನನ್ನು ಕಾಣಲು ಬಂದಿದ್ದರು. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗ ತೋಡುವುದು ಅವರ ಕಸುಬು. “ಮಾಷ್ಟ್ರೇ, ಹುಡುಗನನ್ನು ಮುಂದೆ ಓದಿಸಬಹುದಾ?” ಎಂದು ಅವರು ಕೇಳಿದರು. ಭಿನ್ನರಾಶಿಯಲ್ಲಿ ಮತ್ತೆ ಮತ್ತೆ ಎಡವುತ್ತಿದ್ದ ಆ ಹುಡುಗನ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು, “ಅವನ ತಲೆಗೆ ಲೆಕ್ಕ ಹತ್ತುವುದಿಲ್ಲ” ಎಂದುಬಿಟ್ಟೆ. ತಂದೆ ತಲೆಯಾಡಿಸಿ ಹೊರಟುಹೋದರು. ಮರುವರ್ಷ ಹುಡುಗ ಶಾಲೆಗೆ ಬರಲಿಲ್ಲ. ಈ ಪ್ರಸಂಗದ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ನನಗಿಂತ ಬಹಳ ದೊಡ್ಡ ವಿದ್ವಾಂಸರು ಇದೇ ಬಗೆಯ ತಪ್ಪನ್ನು ಎಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದರು ಎಂಬುದನ್ನು ಓದುಗರ ಮುಂದಿಡಲು ಅಪೇಕ್ಷಿಸುತ್ತೇನೆ.

ತಲೆಬುರುಡೆಯಿಂದ ಆರಂಭ

ಸುಮಾರು 1800ರ ಹೊತ್ತಿಗೆ ವಿಯೆನ್ನಾ ನಗರದಲ್ಲಿ ಫ್ರಾನ್ಸ್ ಯೋಸೆಫ್ ಗಾಲ್ ಎಂಬ ವೈದ್ಯರು ಒಂದು ಹೊಸ ಸಿದ್ಧಾಂತವನ್ನು ಸಾರುತ್ತಿದ್ದರು. ಅವರ ಪ್ರಕಾರ ಮಿದುಳು ಇಪ್ಪತ್ತೇಳು ಬಗೆಯ ಸಾಮರ್ಥ್ಯಗಳ ನೆಲೆ. ಪ್ರತಿಯೊಂದಕ್ಕೂ ಅದರದೇ ಆದ ಜಾಗವಿದೆ. ಯಾವ ಸಾಮರ್ಥ್ಯ ಹೆಚ್ಚಾಗಿದೆಯೋ ಆ ಜಾಗ ಉಬ್ಬಿ, ಅದರ ಗುರುತು ತಲೆಬುರುಡೆಯ ಮೇಲೆ ಮೂಡುತ್ತದೆ. ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದು ಎಂಬ ನಮ್ಮ ಹಿರಿಯರ ಮಾತಿನಂತೆಯೇ ಇದೂ ಇತ್ತು. ವ್ಯತ್ಯಾಸವೆಂದರೆ, ಇಲ್ಲಿ ಬರಹವನ್ನು ಬೆರಳಿನಿಂದ ತಡವಿ ಓದಬಹುದಾಗಿತ್ತು!

ಈ ನಂಬಿಕೆಯ ಉತ್ಸಾಹ ಎಷ್ಟಿತ್ತೆಂದರೆ, 1809ರಲ್ಲಿ ಪ್ರಸಿದ್ಧ ಸಂಗೀತಗಾರ ಯೋಸೆಫ್ ಹೈಡನ್ ತೀರಿಕೊಂಡು ಸಮಾಧಿಯಾದ ಕೆಲವೇ ದಿನಗಳಲ್ಲಿ, ಗಾಲ್ ಸಿದ್ಧಾಂತದ ಇಬ್ಬರು ಅಭಿಮಾನಿಗಳು ಸಮಾಧಿ ಅಗೆಯುವವನಿಗೆ ಲಂಚ ಕೊಟ್ಟು ಅವರ ತಲೆಯನ್ನು ಕದ್ದೊಯ್ದರು. ಸಂಗೀತದ ಉಬ್ಬು ಅದರಲ್ಲಿ ಇದೆಯೋ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಆ ತಲೆಬುರುಡೆ ಉಳಿದ ಅಸ್ಥಿಗಳೊಡನೆ ಮತ್ತೆ ಕೂಡಿದ್ದು 1954ರಲ್ಲಿ.

1828ರಲ್ಲಿ ಗಾಲ್ ನಿಧನರಾದ ಮೇಲೆ ಅವರ ಮಿದುಳನ್ನೂ ತೂಗಲಾಯಿತು. ಅದರ ತೂಕ 1198 ಗ್ರಾಂ. ವಯಸ್ಕ ಪುರುಷರ ಮಿದುಳಿನ ಸರಾಸರಿ ತೂಕ ಸುಮಾರು 1350ರಿಂದ 1400 ಗ್ರಾಂ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಅಂಕೆ ಮುಂದೆಯೂ ಬೇಕಾಗುತ್ತದೆ.

ಗೊಟ್ಟಿಂಗೆನ್ನಿನ ಪ್ರಾಧ್ಯಾಪಕರು

ಬುರುಡೆಯನ್ನು ತಡವುವ ವಿದ್ಯೆ ಕ್ರಮೇಣ ನಗೆಪಾಟಲಾಯಿತು. ಅದರ ಸ್ಥಾನದಲ್ಲಿ ಮಿದುಳನ್ನೇ ತೆಗೆದು ತೂಗುವ, ಮಡಿಕೆಗಳನ್ನು ಎಣಿಸುವ ಹೊಸ ಶಾಸ್ತ್ರ ತಲೆಯೆತ್ತಿತು. ಅದರ ಮೊದಲ ದೊಡ್ಡ ಅಧ್ಯಾಯ ನಡೆದದ್ದು ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ.

1855ರ ಫೆಬ್ರವರಿ 23ರಂದು ಕಾರ್ಲ್ ಫ್ರೀಡ್ರಿಕ್ ಗೌಸ್ ಅಲ್ಲಿ ನಿಧನರಾದರು. ಗಣಿತದ ಅಧ್ಯಾಪಕರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕ್ಷಣಮಾತ್ರದಲ್ಲಿ ಕೂಡಿಸಿದ ಬಾಲಕನ ಕಥೆಯನ್ನು ನಾವೆಲ್ಲರೂ ತರಗತಿಯಲ್ಲಿ ಹೇಳಿದ್ದೇವೆ. ಗೌಸ್ ಅವರ ಸ್ನೇಹಿತರೂ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ರುಡೋಲ್ಫ್ ವಾಗ್ನರ್ ಅವರು ಆ ಮಹಾಮೇಧಾವಿಯ ಮಿದುಳನ್ನು ಅಧ್ಯಯನಕ್ಕಾಗಿ ಪಡೆದುಕೊಂಡು ಮದ್ಯಸಾರದಲ್ಲಿ ಕಾಪಿಟ್ಟರು. ತೂಕ ನೋಡಿದಾಗ ಅದು 1492 ಗ್ರಾಂ ಇತ್ತು. ಸರಾಸರಿಗಿಂತ ತುಸು ಹೆಚ್ಚು ಹೌದು. ಆದರೆ ಸಂತೆಗೆ ಹೋದರೆ ಅಂಥ ತೂಕದ ಮಿದುಳುಳ್ಳವರು ಎಷ್ಟೋ ಮಂದಿ ಎದುರಾದಾರು.

ವಾಗ್ನರ್ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದ ಇನ್ನೂ ನಾಲ್ವರು ಪ್ರಾಧ್ಯಾಪಕರ ಮಿದುಳುಗಳು ಅವರ ಕೈಸೇರಿದವು: ಗಣಿತಜ್ಞ ಡಿರಿಕ್ಲೆ, ವೈದ್ಯ ಕಾನ್ರಾಡ್ ಹೈನ್ರಿಕ್ ಫುಕ್ಸ್, ಭಾಷಾಶಾಸ್ತ್ರಜ್ಞ ಹರ್ಮನ್, ಖನಿಜಶಾಸ್ತ್ರಜ್ಞ ಹೌಸ್‌ಮನ್. ಹರ್ಮನ್ ಅವರ ಮಿದುಳು 1358 ಗ್ರಾಂ ತೂಗಿತು. ಹೌಸ್‌ಮನ್ ಅವರದು 1226 ಗ್ರಾಂ. ವಾಗ್ನರ್ ಪ್ರಾಮಾಣಿಕ ವಿದ್ವಾಂಸರು. ತೂಕಕ್ಕೂ ಬುದ್ಧಿಗೂ ನಿಶ್ಚಿತ ಸಂಬಂಧ ಕಾಣುತ್ತಿಲ್ಲ ಎಂಬುದನ್ನು ಒಪ್ಪಿಕೊಂಡರು. ಗೌಸ್ ಅವರ ಮಿದುಳಿನ ಮೇಲ್ಮೈಯಲ್ಲಿ ಮಡಿಕೆಗಳು ಬಹು ಸಮೃದ್ಧವಾಗಿವೆ ಎಂಬುದನ್ನು ಮಾತ್ರ ವಿಶೇಷವಾಗಿ ಗುರುತಿಸಿ, ಅದರ ಚಿತ್ರಗಳನ್ನು ಅಚ್ಚಿನಲ್ಲಿ ಪ್ರಕಟಿಸಿದರು. ಆ ಚಿತ್ರಗಳೇ ಒಂದೂವರೆ ಶತಮಾನದ ಬಳಿಕ ಒಂದು ವಿಚಿತ್ರ ಸಂಗತಿಯನ್ನು ಬಯಲಿಗೆಳೆಯಲಿದ್ದವು.

1861ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ ವಿಷಯದ ಮೇಲೆ ದೊಡ್ಡ ವಾಗ್ವಾದ ನಡೆಯಿತು. ಮಿದುಳಿನ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿಲ್ಲವೆಂದು ಗ್ರಾಟಿಯೊಲೆ ವಾದಿಸಿದರು. ಮಾತಿನ ಸಾಮರ್ಥ್ಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವನ್ನು ಗುರುತಿಸಿ ಚಿರಸ್ಮರಣೀಯರಾದ ಪಾಲ್ ಬ್ರೋಕಾ ಸಂಬಂಧವಿದೆಯೆಂದರು. ಗೊಟ್ಟಿಂಗೆನ್ನಿನ ಅಂಕೆಗಳು ತಮ್ಮ ಮಾತಿಗೆ ಅಡ್ಡಬಂದಾಗ ಬ್ರೋಕಾ ಅವರು ಒಂದೊಂದಕ್ಕೂ ಕಾರಣ ಹುಡುಕಿದರು: ಒಬ್ಬರಿಗೆ ವಯಸ್ಸಾಗಿತ್ತು, ಇನ್ನೊಬ್ಬರ ದೇಹ ಸಣ್ಣದು, ಮತ್ತೊಬ್ಬರ ಮಿದುಳನ್ನು ಕಾಪಿಟ್ಟ ರೀತಿ ಸರಿಯಿಲ್ಲ. ಪ್ರಾಧ್ಯಾಪಕರ ನಿಲುವಂಗಿ ತೊಟ್ಟವರೆಲ್ಲ ಮೇಧಾವಿಗಳೇ ಆಗಬೇಕೆಂದಿಲ್ಲ ಎಂದೂ ಅವರು ಹೇಳಿದರು! ಬ್ರೋಕಾ ದೊಡ್ಡ ವಿಜ್ಞಾನಿ. ಅವರು ಅಂಕೆಗಳನ್ನು ತಿದ್ದಲಿಲ್ಲ. ಆದರೆ ಒಪ್ಪಿಗೆಯಾದ ಅಂಕೆಯನ್ನು ಪ್ರಶ್ನಿಸದೆ ಸ್ವೀಕರಿಸಿ, ಒಪ್ಪಿಗೆಯಾಗದ ಅಂಕೆಯನ್ನು ಮಾತ್ರ ಪಾಟೀಸವಾಲಿಗೆ ಗುರಿಮಾಡಿದರು. ಈ ಬಗೆಯ ಪಕ್ಷಪಾತವನ್ನು ಗುರುತಿಸುವುದು ಕಷ್ಟ. ಏಕೆಂದರೆ ಮಾಡುವವನಿಗೇ ಅದು ತಿಳಿದಿರುವುದಿಲ್ಲ.

1876ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರು ‘ಪರಸ್ಪರ ಶವಪರೀಕ್ಷಾ ಸಂಘ’ವೊಂದನ್ನೇ ಕಟ್ಟಿಕೊಂಡರು. ಸದಸ್ಯರಲ್ಲಿ ಯಾರು ಮೊದಲು ತೀರಿಕೊಂಡರೂ ಅವರ ಮಿದುಳನ್ನು ಉಳಿದವರು ಪರೀಕ್ಷಿಸಬೇಕೆಂಬುದು ನಿಯಮ. ಹೀಗೆ ಯುರೋಪಿನ ನಾನಾ ಕಡೆ ಪ್ರಸಿದ್ಧರ ಮಿದುಳುಗಳು ತಕ್ಕಡಿಗೇರಿದವು. ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಅವರದು 1800 ಗ್ರಾಂಗೂ ಮಿಕ್ಕಿತ್ತು. ರಷ್ಯದ ಕಾದಂಬರಿಕಾರ ತುರ್ಗೆನೆವ್ ಅವರದು 2000 ಗ್ರಾಂ ದಾಟಿತು. ಗಾತ್ರದ ಪಕ್ಷದವರು ಹಿಗ್ಗಿದರು. ಆದರೆ 1921ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಾರಿತೋಷಕ ಪಡೆದ ಆನತೋಲ್ ಫ್ರಾನ್ಸ್ 1924ರಲ್ಲಿ ತೀರಿಕೊಂಡಾಗ ಅವರ ಮಿದುಳು ತೂಗಿದ್ದು 1017 ಗ್ರಾಂ ಮಾತ್ರ, ಅಂದರೆ ಹೆಚ್ಚುಕಡಿಮೆ ತುರ್ಗೆನೆವ್ ಮಿದುಳಿನ ಅರ್ಧ. ಇಬ್ಬರೂ ಮಹಾ ಲೇಖಕರೇ.

ಅಳತೆಗೋಲು ಯಾರ ಕೈಯಲ್ಲಿ?

ಇಷ್ಟೇ ಆಗಿದ್ದರೆ ಇದನ್ನು ವಿದ್ವಾಂಸರ ವಿನೋದವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಮೇಧಾವಿಗಳ ಮಿದುಳನ್ನು ತೂಗಿದ ಅದೇ ತಕ್ಕಡಿಯಲ್ಲಿ, ಯಾರಿಗೆ ವಿದ್ಯೆ ದಕ್ಕಬೇಕು, ಯಾರಿಗೆ ದಕ್ಕಬಾರದು ಎಂಬುದನ್ನೂ ತೂಗಲಾಯಿತು.

ಹೆಂಗಸರ ದೇಹ ಸಣ್ಣದಾದುದರಿಂದ ಸರಾಸರಿಯಲ್ಲಿ ಅವರ ಮಿದುಳಿನ ತೂಕವೂ ಕಡಿಮೆ. ಇದನ್ನೇ ಮುಂದೊಡ್ಡಿ, ಹೆಂಗಸರಿಗೆ ಉನ್ನತ ವಿದ್ಯೆ ಸಲ್ಲದು ಎಂದು ವಾದಿಸಿದ ಪ್ರಾಧ್ಯಾಪಕರು ಹಲವರು. ಪ್ಯಾರಿಸ್ಸಿನ ಎಷ್ಟೋ ಹೆಂಗಸರ ಮಿದುಳು ಗಂಡಸರ ಮಿದುಳಿಗಿಂತ ಗೊರಿಲ್ಲದ ಮಿದುಳಿಗೇ ಹತ್ತಿರವೆಂದು 1879ರಲ್ಲಿ ಗುಸ್ತಾವ್ ಲೆ ಬಾನ್ ಎಂಬವರು ಬರೆದರು. ಅದೇ ಕಾಲದಲ್ಲಿ ಸೋಫಿಯಾ ಕೊವಲೆವ್‌ಸ್ಕಾಯಾ ಎಂಬ ರಷ್ಯನ್ ತರುಣಿ ಬರ್ಲಿನ್ ವಿಶ್ವವಿದ್ಯಾಲಯದ ಬಾಗಿಲು ಹೆಂಗಸರಿಗೆ ಮುಚ್ಚಿದ್ದುದರಿಂದ ಗಣಿತಜ್ಞ ವೈಯರ್‌ಸ್ಟ್ರಾಸ್ ಅವರಲ್ಲಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡಿದ್ದರು. 1874ರಲ್ಲಿ ಆಕೆಗೆ ಡಾಕ್ಟರೇಟ್ ಕೊಟ್ಟದ್ದು ಗೌಸ್ ಅವರ ಗೊಟ್ಟಿಂಗೆನ್ ವಿಶ್ವವಿದ್ಯಾಲಯವೇ. ಮುಂದೆ ಸ್ಟಾಕ್‌ಹೋಮಿನಲ್ಲಿ ಪ್ರಾಧ್ಯಾಪಕಿಯಾದ ಆಕೆ 1891ರಲ್ಲಿ ತೀರಿಕೊಂಡಾಗ ಆಕೆಯ ಮಿದುಳನ್ನೂ ಪರೀಕ್ಷಿಸಿದರು. ಬದುಕಿರುವಾಗ ಮುಚ್ಚಿದ್ದ ಬಾಗಿಲು ಸತ್ತ ಮೇಲೆ ಮಿದುಳಿಗೆ ತೆರೆಯಿತು ಎನ್ನಬೇಕು.

ಬಣ್ಣದ ವಿಷಯದಲ್ಲಿಯೂ ಇದೇ ನಡೆಯಿತು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಎಡ್ವರ್ಡ್ ಸ್ಪಿಟ್ಸ್ಕಾ ಎಂಬ ಅಂಗರಚನಾಶಾಸ್ತ್ರಜ್ಞರು ಮೂರು ಮಿದುಳುಗಳ ಚಿತ್ರವನ್ನು ಸಾಲಾಗಿ ಅಚ್ಚು ಹಾಕಿಸಿದರು: ಒಂದು ತುದಿಯಲ್ಲಿ ಗೌಸ್, ಇನ್ನೊಂದು ತುದಿಯಲ್ಲಿ ಗೊರಿಲ್ಲ, ನಡುವೆ ಆಫ್ರಿಕದ ಒಬ್ಬ ಬುಡಕಟ್ಟು ಮಹಿಳೆ. ಚಿತ್ರ ಹೇಳಬೇಕಾದುದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ನಮ್ಮ ನಾಡೂ ಈ ಅಳತೆಗೋಲಿನಿಂದ ತಪ್ಪಿಸಿಕೊಳ್ಳಲಿಲ್ಲ. 1901ರ ಭಾರತದ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲಿ ಅವರು ಜನರ ಮೂಗಿನ ಅಗಲವನ್ನು ಅಳೆದು, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂದು ಸೂತ್ರ ಕಟ್ಟಿದರು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ 19ನೆಯ ಶತಮಾನದ ಕೊನೆಯಲ್ಲಿ ಊರೂರು ಸುತ್ತಿ, ನೀಲಗಿರಿಯ ತೋಡರು, ಕೋತರು, ಬಡಗರು ಮೊದಲುಗೊಂಡು ಹಲವು ಸಮುದಾಯಗಳ ಜನರ ತಲೆ, ಮೂಗುಗಳನ್ನು ಅಳೆದು ಪುಸ್ತಕಗಳಲ್ಲಿ ದಾಖಲಿಸಿದರು. ಅಳತೆಗೆ ನಿಂತ ಆ ಮಂದಿಗೆ ಆಗ ಬೇಕಾಗಿದ್ದುದು ಶಾಲೆ. ನಮ್ಮ ಹಿರಿಯರು ನೂರು ವರ್ಷಗಳ ಹಿಂದೆ ಈ ಶಾಲೆಯನ್ನು ತೆರೆದಾಗ ಯಾವ ಮಗುವಿನ ತಲೆಯನ್ನೂ ಅಳೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರನ್ನು ಬರೆದುಕೊಂಡರು. ಆ ಕಾಲದ ದೊಡ್ಡ ವಿದ್ವಾಂಸರ ಅಭಿಪ್ರಾಯಗಳ ಎದುರಿಗಿಟ್ಟು ನೋಡಿದರೆ ಅದು ಸಣ್ಣ ಕೆಲಸವಲ್ಲ.

ಲೆನಿನ್, ಐನ್‌ಸ್ಟೈನ್

ತೂಕದ ಮಾತು ಸೋತ ಮೇಲೆ ಹುಡುಕಾಟ ಸೂಕ್ಷ್ಮದರ್ಶಕದ ಕೆಳಗೆ ಸರಿಯಿತು. 1924ರಲ್ಲಿ ಲೆನಿನ್ ತೀರಿಕೊಂಡಾಗ ಸೋವಿಯತ್ ಸರಕಾರ ಜರ್ಮನಿಯ ಪ್ರಸಿದ್ಧ ಮಿದುಳುತಜ್ಞ ಆಸ್ಕರ್ ಫೋಗ್ಟ್ ಅವರನ್ನು ಮಾಸ್ಕೋಗೆ ಬರಮಾಡಿಕೊಂಡಿತು. ಲೆನಿನ್ನರ ಮಿದುಳನ್ನು ಮೂವತ್ತು ಸಾವಿರಕ್ಕೂ ಹೆಚ್ಚು ತೆಳು ಪದರಗಳಾಗಿ ಕೊಯ್ಯಲಾಯಿತು. ಅದಕ್ಕಾಗಿಯೇ ಒಂದು ಸಂಶೋಧನಾಲಯ ತಲೆಯೆತ್ತಿತು. ಮಿದುಳಿನ ತೊಗಟೆಯ ಮೂರನೆಯ ಪದರದಲ್ಲಿ ಕೆಲವು ನರಕೋಶಗಳು ಅಸಾಮಾನ್ಯವಾಗಿ ದೊಡ್ಡವಾಗಿವೆಯೆಂದು 1929ರಲ್ಲಿ ಫೋಗ್ಟ್ ವರದಿ ಮಾಡಿದರು. ವಿಚಾರಗಳನ್ನು ಬೇಗ ಬೇಗ ಜೋಡಿಸುವ ಶಕ್ತಿಗೆ ಅದೇ ಆಧಾರವೆಂದರು. ಆದರೆ ಮಹಾಪುರುಷನೆಂದು ಮೊದಲೇ ತೀರ್ಮಾನವಾದವರ ಮಿದುಳಿನಲ್ಲಿ ಏನೂ ವಿಶೇಷವಿಲ್ಲವೆಂದು ಹೇಳುವ ಸ್ವಾತಂತ್ರ್ಯ ಅಲ್ಲಿ ಯಾರಿಗಿತ್ತು? ಮುಂದೆ ಕವಿ ಮಯಕೋವ್‌ಸ್ಕಿ, ವಿಜ್ಞಾನಿ ಪಾವ್ಲೋವ್ ಮುಂತಾದವರ ಮಿದುಳುಗಳೂ ಆ ಸಂಗ್ರಹವನ್ನು ಸೇರಿದವು. ಪ್ರತಿಭೆಯ ರಹಸ್ಯ ಮಾತ್ರ ಅಲ್ಲಿಂದ ಹೊರಬರಲಿಲ್ಲ.

1955ರ ಏಪ್ರಿಲ್ 18ರಂದು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ನಿಧನರಾದರು. ತಮ್ಮ ಅವಶೇಷಗಳನ್ನು ಜನರು ಪೂಜೆಗಿಡಬಾರದೆಂದು ದೇಹವನ್ನು ದಹಿಸಲು ಅವರು ಹೇಳಿದ್ದರು. ಶವಪರೀಕ್ಷೆ ಮಾಡಿದ ವೈದ್ಯ ಥಾಮಸ್ ಹಾರ್ವೆ ಅವರು ಯಾರನ್ನೂ ಕೇಳದೆ ಮಿದುಳನ್ನು ತೆಗೆದಿಟ್ಟುಕೊಂಡರು; ವಿಜ್ಞಾನಕ್ಕಾಗಿ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ ಐನ್‌ಸ್ಟೈನರ ಮಗ ಆಮೇಲೆ ಒಪ್ಪಿಗೆಯಿತ್ತರು. ಮಿದುಳಿನ ತೂಕ 1230 ಗ್ರಾಂ, ಸರಾಸರಿಗಿಂತ ಕಡಿಮೆ. ಹಾರ್ವೆ ಅದನ್ನು ಸುಮಾರು 240 ತುಂಡುಗಳಾಗಿ ಕತ್ತರಿಸಿ ಜಾಡಿಗಳಲ್ಲಿ ತುಂಬಿ, ಕೆಲಸ ಹೋದ ಮೇಲೂ ಊರಿಂದೂರಿಗೆ ಹೊತ್ತು ತಿರುಗಿದರು. 1978ರಲ್ಲಿ ಪತ್ರಕರ್ತರೊಬ್ಬರು ಅವರನ್ನು ಹುಡುಕಿಕೊಂಡು ಹೋದಾಗ ಆ ಜಾಡಿಗಳು ಹಣ್ಣಿನ ಪಾನೀಯದ ಒಂದು ರಟ್ಟಿನ ಪೆಟ್ಟಿಗೆಯೊಳಗಿದ್ದವು.

ಆ ಮೇಲೆ ಸಂಶೋಧನೆಗಳು ಬಂದವು. 1985ರಲ್ಲಿ ಮರಿಯನ್ ಡೈಮಂಡ್ ಅವರು ನಾಲ್ಕು ತುಂಡುಗಳನ್ನು ಹನ್ನೊಂದು ಮಂದಿ ಸಾಮಾನ್ಯ ಪುರುಷರ ಮಿದುಳುಗಳೊಡನೆ ಹೋಲಿಸಿ, ಒಂದು ತುಂಡಿನಲ್ಲಿ ನರಕೋಶಗಳಿಗೆ ಆಧಾರವಾಗಿರುವ ಪೋಷಕ ಕೋಶಗಳ ಪ್ರಮಾಣ ಹೆಚ್ಚಾಗಿದೆ ಎಂದರು. ಉಳಿದ ಮೂರು ತುಂಡುಗಳಲ್ಲಿ ಗಮನಾರ್ಹವಾದ ವ್ಯತ್ಯಾಸವಿರಲಿಲ್ಲ. 1999ರಲ್ಲಿ ಕೆನಡದ ಸಾಂಡ್ರಾ ವಿಟೆಲ್‌ಸನ್ ಅವರು ಹಳೆಯ ಛಾಯಾಚಿತ್ರಗಳನ್ನೂ ಅಳತೆಗಳನ್ನೂ ನೋಡಿ, ಮಿದುಳಿನ ಪಾರ್ಶ್ವಭಾಗ ಶೇಕಡಾ 15ರಷ್ಟು ಅಗಲವಾಗಿದೆಯೆಂದೂ ಆಕಾರ ಮತ್ತು ಗಣಿತದ ಚಿಂತನೆಗೆ ಅದು ನೆರವಾಗಿರಬಹುದೆಂದೂ ಪ್ರಕಟಿಸಿದರು. ಪತ್ರಿಕೆಗಳು ಇದನ್ನು ಸಂಭ್ರಮಿಸಿದವು. ಆದರೆ ಇಲ್ಲಿರುವ ತೊಡಕನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾಣಬಲ್ಲ. ಯಾವ ಇಬ್ಬರ ಮಿದುಳುಗಳೂ ಒಂದೇ ತೆರನಾಗಿರುವುದಿಲ್ಲ. ಹೆಬ್ಬೆರಳಿನ ಗುರುತಿನಂತೆ ಪ್ರತಿಯೊಂದೂ ಬೇರೆ. ಒಬ್ಬನೇ ವ್ಯಕ್ತಿಯ ಮಿದುಳನ್ನು ಇಪ್ಪತ್ತೆಂಟು ಬಗೆಯಲ್ಲಿ ಅಳೆದರೆ ಎಲ್ಲಿಯೋ ಒಂದು ಕಡೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಅದೇ ಪ್ರತಿಭೆಯ ಕಾರಣವೆಂದು ಹೇಳಬೇಕಾದರೆ, ಅಂಥದೇ ಮಿದುಳುಳ್ಳ ಬೇರೆಯವರೂ ಮೇಧಾವಿಗಳಾಗಿದ್ದರೇ ಎಂಬುದನ್ನು ನೋಡಬೇಕು. ಇನ್ನೂ ಒಂದು ಮಾತಿದೆ. ಐವತ್ತು ವರ್ಷ ಭೌತಶಾಸ್ತ್ರವನ್ನು ಧ್ಯಾನಿಸಿದುದರಿಂದ ಮಿದುಳು ಹಾಗಾಯಿತೇ, ಮಿದುಳು ಹಾಗಿದ್ದುದರಿಂದ ಧ್ಯಾನಿಸಿದರೇ? ಜಾಡಿಯಲ್ಲಿರುವ ಮಿದುಳು ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಅದಲುಬದಲಾದ ಜಾಡಿಗಳು

ಈಗ ಗೌಸ್ ಅವರ ಮಿದುಳಿಗೆ ಮರಳೋಣ. ಗೊಟ್ಟಿಂಗೆನ್ನಿನ ಸಂಗ್ರಹದಲ್ಲಿ ಅದು ಜಾಗರೂಕತೆಯಿಂದ ಉಳಿದುಬಂದಿತ್ತು. 1990ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಆ ಜಾಡಿಯನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ಚಿತ್ರ ತೆಗೆದು, ಈ ಮಿದುಳು ಬಹುಮಟ್ಟಿಗೆ ಸಾಮಾನ್ಯವಾದುದೇ ಎಂದು ವರದಿ ಮಾಡಿದರು.

2013ರಲ್ಲಿ ರೆನಾಟೆ ಷ್ವೈಟ್ಸರ್ ಎಂಬ ವಿಜ್ಞಾನಿ ಆ ಚಿತ್ರಗಳನ್ನು ಬೇರೊಂದು ಅಧ್ಯಯನಕ್ಕಾಗಿ ನೋಡುತ್ತಿದ್ದರು. ಮಿದುಳಿನ ಮಧ್ಯದ ದೊಡ್ಡ ಸೀಳು ಒಂದೆಡೆ ತುಂಡಾಗಿರುವ ಅತ್ಯಪರೂಪದ ರಚನೆ ಅವರ ಕಣ್ಣಿಗೆ ಬಿತ್ತು. ನೂರರಲ್ಲಿ ಒಬ್ಬರಿಗೂ ಇಲ್ಲದ ಲಕ್ಷಣವದು. ಆಕೆ ವಾಗ್ನರ್ ಪ್ರಕಟಿಸಿದ್ದ ಹಳೆಯ ಚಿತ್ರಗಳನ್ನು ತೆರೆದು ಹೋಲಿಸಿದರು. ಗೌಸ್ ಅವರ ಮಿದುಳಿನ ಚಿತ್ರದಲ್ಲಿ ಆ ಲಕ್ಷಣ ಇರಲಿಲ್ಲ. ಅದು ಇದ್ದದ್ದು ಅದೇ 1855ರಲ್ಲಿ ತೀರಿಕೊಂಡ ವೈದ್ಯ ಫುಕ್ಸ್ ಅವರ ಮಿದುಳಿನ ಚಿತ್ರದಲ್ಲಿ. ವಾಗ್ನರ್ ಅವರ ಅಧ್ಯಯನ ಮುಗಿದ ಮೇಲೆ ಯಾವಾಗಲೋ ಎರಡೂ ಮಿದುಳುಗಳು ಜಾಡಿ ಬದಲಾಯಿಸಿಕೊಂಡಿದ್ದವು. ಒಂದೂವರೆ ಶತಮಾನದಷ್ಟು ದೀರ್ಘಕಾಲ ‘ಗೌಸ್’ ಎಂಬ ಚೀಟಿಯ ಹಿಂದೆ ಫುಕ್ಸ್ ಕುಳಿತಿದ್ದರು!

ನಿಜವಾದ ಗೌಸ್ ಮಿದುಳನ್ನು ಮತ್ತೆ ಪರೀಕ್ಷಿಸಿದಾಗಲೂ ಅದು ಬಹುಮಟ್ಟಿಗೆ ಸಾಮಾನ್ಯವೇ ಎಂದು ಕಂಡುಬಂತು. ಜಗತ್ತಿನ ಗಣಿತಜ್ಞರಲ್ಲಿ ಅಗ್ರಗಣ್ಯನೆನಿಸಿದವನ ಮಿದುಳು ಬದಲಾಗಿದೆ ಎಂಬುದು ಮಿದುಳನ್ನು ನೋಡಿ ಯಾರಿಗೂ ಹೊಳೆಯಲಿಲ್ಲ; ಚಿತ್ರವನ್ನು ಚಿತ್ರದೊಡನೆ ಹೋಲಿಸಿದಾಗ ಮಾತ್ರ ತಿಳಿಯಿತು. ಪ್ರತಿಭೆ ಕಣ್ಣಿಗೆ ಕಾಣುವ ಹಾಗೆ ಮಿದುಳಿನಲ್ಲಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲ.

ಇಂದು ತಿಳಿದಿರುವುದೇನು?

ಹಾಗಾದರೆ ಎಲ್ಲರ ಮಿದುಳೂ ಒಂದೇ ಎಂದು ಹೇಳಬಹುದೇ? ಅದೂ ಸತ್ಯವಲ್ಲ. ಹುಟ್ಟಿನಿಂದ ಬರುವ ವ್ಯತ್ಯಾಸಗಳು ಇವೆ. ಬದುಕಿರುವ ಸಾವಿರಾರು ಜನರ ಮಿದುಳುಗಳನ್ನು ಯಂತ್ರಗಳಿಂದ ಅಳೆದ ಇತ್ತೀಚಿನ ಅಧ್ಯಯನಗಳಲ್ಲಿ ಗಾತ್ರಕ್ಕೂ ಬುದ್ಧಿಪರೀಕ್ಷೆಯ ಅಂಕಗಳಿಗೂ ಒಂದು ದುರ್ಬಲ ಸಂಬಂಧ ಕಾಣಿಸಿದೆ. ಬ್ರಿಟನ್ನಿನ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, ಜನರ ನಡುವಣ ಬುದ್ಧಿಸಾಮರ್ಥ್ಯದ ವ್ಯತ್ಯಾಸದಲ್ಲಿ ಮಿದುಳಿನ ಗಾತ್ರದಿಂದ ವಿವರಿಸಬಹುದಾದುದು ಸುಮಾರು ಶೇಕಡಾ 2 ಮಾತ್ರ. ಒಂದು ಮಗುವಿನ ಭವಿಷ್ಯವನ್ನು ಇದರಿಂದ ಹೇಳಲು ಸಾಧ್ಯವೇ ಇಲ್ಲ.

ಗಾತ್ರಕ್ಕಿಂತ ನಮಗೆ ಮುಖ್ಯವಾದುದು ಇನ್ನೊಂದು ಸಂಗತಿ: ಕಲಿಕೆಯಿಂದ ಮಿದುಳು ಬದಲಾಗುತ್ತದೆ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಲು ಪರವಾನಿಗೆ ಬೇಕಾದರೆ ಸುಮಾರು 25,000 ಬೀದಿಗಳನ್ನು ನೆನಪಿಟ್ಟುಕೊಂಡು ಕಠಿಣ ಪರೀಕ್ಷೆಯನ್ನು ದಾಟಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳ ಅಭ್ಯಾಸ ಬೇಕು. ಅಂಥ ಚಾಲಕರ ಮಿದುಳಿನಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿದೆ ಎಂದು ಎಲಿನರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅದು ಹುಟ್ಟಿನಿಂದಲೇ ಹಾಗಿತ್ತೇ ಎಂಬ ಸಂದೇಹಕ್ಕೆ 2011ರ ಅಧ್ಯಯನ ಉತ್ತರ ಕೊಟ್ಟಿತು: ತರಬೇತಿಗೆ ಸೇರಿದಾಗ ಎಲ್ಲರ ಮಿದುಳೂ ಸಮಾನವಾಗಿಯೇ ಇತ್ತು, ವರ್ಷಗಟ್ಟಲೆ ಅಭ್ಯಾಸ ಮಾಡಿ ತೇರ್ಗಡೆಯಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು.

ಶಾಲೆಯವರಿಗೆ ಇನ್ನೂ ಹತ್ತಿರವಾದ ಉದಾಹರಣೆ ನಮ್ಮ ದೇಶದ್ದೇ. ಲಖನೌ ಬಳಿಯ ಹಳ್ಳಿಗಳಲ್ಲಿ ಅಕ್ಷರ ತಿಳಿಯದ ಸುಮಾರು ಮೂವತ್ತು ಮಂದಿ ವಯಸ್ಕರನ್ನು ಆರಿಸಿಕೊಂಡು, ಅವರಲ್ಲಿ ಹಲವರಿಗೆ ಆರು ತಿಂಗಳು ದೇವನಾಗರಿ ಲಿಪಿಯಲ್ಲಿ ಓದಲು ಕಲಿಸಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಓದು ಕಲಿತವರ ಮಿದುಳಿನ ಬಹು ಆಳದ ಭಾಗಗಳಲ್ಲಿಯೂ ದೃಷ್ಟಿಗೆ ಸಂಬಂಧಿಸಿದ ಹೊಂದಾಣಿಕೆ ಬದಲಾಗಿತ್ತು. ಮೂವತ್ತು ದಾಟಿದ ಗೃಹಿಣಿಯ ಮಿದುಳು ಆರೇ ತಿಂಗಳ ಅಕ್ಷರಾಭ್ಯಾಸದಿಂದ ಬದಲಾಗುವುದಾದರೆ, ಆರು ವರ್ಷದ ಮಗುವಿಗೆ ‘ಅ, ಆ’ ತಿದ್ದಿಸುವ ಅಧ್ಯಾಪಿಕೆ ಎಂಥ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಊಹಿಸಿಕೊಳ್ಳಬಹುದು.

ಗೌಸ್ ಅವರ ಶಾಲೆ

ವಾಗ್ನರ್ ಮಿದುಳಿನಲ್ಲಿ ಹುಡುಕಿದುದು ಸ್ವಲ್ಪಮಟ್ಟಿಗೆ ಗೌಸ್ ಅವರ ಬಾಲ್ಯದಲ್ಲಿಯೇ ಸಿಗುತ್ತದೆ. 1777ರಲ್ಲಿ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಒಂದು ಬಡ ಸಂಸಾರದಲ್ಲಿ ಅವರು ಹುಟ್ಟಿದರು. ತಂದೆ ಕೂಲಿನಾಲಿಯಂಥ ಕೆಲಸಗಳಿಂದ ಮನೆ ನಡೆಸುತ್ತಿದ್ದವರು. ತಾಯಿಗೆ ಬರೆಯಲು ಬರುತ್ತಿರಲಿಲ್ಲ. ಸೇರಿದ್ದು ಬ್ಯುಟ್ನರ್ ಎಂಬ ಅಧ್ಯಾಪಕರ ಶಾಲೆಗೆ. ಹುಡುಗನ ಸಾಮರ್ಥ್ಯ ಕಂಡಾಗ ಬ್ಯುಟ್ನರ್ ಅವನಿಗಾಗಿ ಹ್ಯಾಂಬರ್ಗಿನಿಂದ ಒಂದು ಉತ್ತಮ ಅಂಕಗಣಿತದ ಪುಸ್ತಕವನ್ನು ತರಿಸಿಕೊಟ್ಟರು. ಆ ಶಾಲೆಯಲ್ಲಿ ಮಾರ್ಟಿನ್ ಬಾರ್ಟೆಲ್ಸ್ ಎಂಬ ಸಹಾಯಕನಿದ್ದ. ಗೌಸ್‌ಗಿಂತ ಎಂಟು ವರ್ಷ ದೊಡ್ಡವನು, ಅವನೂ ಹುಡುಗನೇ. ಇಬ್ಬರೂ ಒಟ್ಟಿಗೆ ಕುಳಿತು ಗಣಿತ ಓದಿದರು. ಮುಂದೆ ಬ್ರೌನ್‌ಷ್ವೈಗಿನ ದೊರೆ ವಿದ್ಯಾರ್ಥಿವೇತನ ಕೊಟ್ಟುದರಿಂದ ಗೌಸ್ ಅವರ ಓದು ಸಾಗಿತು. ಇದೇ ಬಾರ್ಟೆಲ್ಸ್ ಆಮೇಲೆ ರಷ್ಯದ ಕಜಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದಾಗ ಲೊಬಚೆವ್‌ಸ್ಕಿ ಅವರಿಗೆ ಗುರುವಾದರು. ಯೂಕ್ಲಿಡನ ರೇಖಾಗಣಿತಕ್ಕೆ ಹೊರತಾದ ಹೊಸ ರೇಖಾಗಣಿತವನ್ನು ಕಟ್ಟಿದವರು ಈ ಲೊಬಚೆವ್‌ಸ್ಕಿ. ಇಬ್ಬರು ಮಹಾ ಗಣಿತಜ್ಞರಿಗೆ ನೆರವಾದ ಬಾರ್ಟೆಲ್ಸ್ ಅವರ ಹೆಸರು ಅವರಿಬ್ಬರ ಹೆಸರಿನಷ್ಟು ಪ್ರಸಿದ್ಧವಲ್ಲ.

ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳ ವಿಷಯವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಮಂಗಳೂರಿನಲ್ಲಿ ಓದುತ್ತಿದ್ದಾಗ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ಮನೆಯ ಪರಿಸ್ಥಿತಿಯಿಂದಾಗಿ ಬಿ.ಎ. ಪದವಿಯನ್ನು ಪೂರೈಸದೆ ಊರಿಗೆ ಮರಳಿದ ಪೈಗಳು ಹತ್ತಾರು ಭಾಷೆಗಳನ್ನು ಕಲಿತರು, ಪುಸ್ತಕಗಳ ನಡುವೆ ಬಾಳಿದರು, ರಾಷ್ಟ್ರಕವಿಯೆನಿಸಿಕೊಂಡರು. ಅವರ ಮಿದುಳನ್ನು ಯಾರೂ ತೂಗಲಿಲ್ಲ, ತೂಗಬೇಕಾಗಿಯೂ ಇರಲಿಲ್ಲ.

ಇದರ ಅರ್ಥ ಯಾವ ಮಗುವನ್ನು ಬೇಕಾದರೂ ಗೌಸ್ ಮಾಡಬಹುದೆಂದಲ್ಲ. ಹಾಗೆ ಹೇಳಿ ಮಕ್ಕಳ ಮೇಲೆ ಹೊರೆ ಹೊರಿಸುವುದೂ ಇನ್ನೊಂದು ಬಗೆಯ ಅನ್ಯಾಯ. ಯಾವ ಮಗುವಿನೊಳಗೆ ಏನಿದೆ ಎಂಬುದನ್ನು ತಲೆ ನೋಡಿಯೋ ಒಂದು ಪರೀಕ್ಷೆಯ ಅಂಕ ನೋಡಿಯೋ ಮುಂಚಿತವಾಗಿ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ ಎಂಬುದಷ್ಟೇ ಈ ಇನ್ನೂರು ವರ್ಷಗಳ ಚರಿತ್ರೆಯ ಪಾಠ.

ಇನ್ನು ನಾನು ಉಳಿಸಿದ ಮಾತು. ನಿವೃತ್ತನಾಗುವುದಕ್ಕೆ ಕೆಲವು ವರ್ಷಗಳ ಮೊದಲು ತೋಟಕ್ಕೆ ನೀರು ಸಾಲದೆ ಸುರಂಗ ತೋಡಿಸಬೇಕಾಯಿತು. ಬಂದವರು ಅದೇ ಹಳೆಯ ವಿದ್ಯಾರ್ಥಿ. ತಂದೆಯ ಕಸುಬನ್ನು ಮುಂದುವರಿಸಿದ್ದರು. ಗುಡ್ಡದ ಮೈಯನ್ನು, ಅಲ್ಲಿನ ಮರಗಳನ್ನು, ಕಲ್ಲಿನ ಬಣ್ಣವನ್ನು ನೋಡಿದರು. ಇಷ್ಟು ಕೋಲು ಹೋದರೆ ನೀರಿನ ಒಸರು ಸಿಗಬಹುದು, ನೀರು ತಾನಾಗಿ ಹೊರಗೆ ಹರಿದು ಬರಬೇಕಾದರೆ ನೆಲವನ್ನು ಇಷ್ಟು ಇಳಿಜಾರು ಮಾಡಬೇಕು, ಇಷ್ಟು ದಿನ ಬೇಕು, ಇಷ್ಟು ಖರ್ಚು ಬೀಳುತ್ತದೆ ಎಂದು ಕಾಗದ ಪೆನ್ಸಿಲ್ ಇಲ್ಲದೆ ನಿಂತಲ್ಲೇ ಲೆಕ್ಕ ಹೇಳಿದರು. ಮನೆಗೆ ಬಂದು ನಾನು ಕಾಗದದ ಮೇಲೆ ಕೂಡಿಸಿ ಗುಣಿಸಿ ನೋಡಿದೆ, ಲೆಕ್ಕ ಸರಿಯಾಗಿತ್ತು. ಅದರಲ್ಲಿ ಭಿನ್ನರಾಶಿಯೂ ಇತ್ತು.

ನಾನು ಅಂದು ಅವರ ತಂದೆಗೆ ಹೇಳಿದ ಮಾತನ್ನು ಜ್ಞಾಪಿಸಿ ಕ್ಷಮೆ ಕೇಳಿದಾಗ ಅವರು ನಕ್ಕು, “ಅದೆಲ್ಲ ಎಷ್ಟು ಹಿಂದಿನ ಮಾತು, ಮಾಷ್ಟ್ರೇ. ಈಗ ನನ್ನ ಮಗಳು ನಿಮ್ಮ ಶಾಲೆಯಲ್ಲೇ ಐದನೆಯಲ್ಲಿದ್ದಾಳೆ. ಅವಳಿಗೆ ಸ್ವಲ್ಪ ಲೆಕ್ಕ ಹೇಳಿಕೊಡಿ” ಎಂದರು. ಆ ವರ್ಷದಿಂದ ನಿವೃತ್ತನಾಗುವ ತನಕ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಲೆಕ್ಕದಲ್ಲಿ ಹಿಂದುಳಿದ ಮಕ್ಕಳೊಡನೆ ಕುಳಿತೆ. ಅವರೆಲ್ಲರೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವರಲ್ಲಿ ಯಾರ ತಂದೆತಾಯಂದಿರಿಗೂ, ನಿಮ್ಮ ಮಗುವಿನ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂದು ನಾನು ಮತ್ತೆ ಹೇಳಲಿಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯಲ್ಲಿ ಮುಂದೆಯೂ ಯಾರೂ ಹಾಗೆ ಹೇಳದಿರಲಿ ಎಂಬುದೇ ನನ್ನ ಹಾರೈಕೆ.